ಕೈ ಕೂಡದ ಚಂದ್ರ ನಮಸ್ಕಾರ

“ನಮಸ್ಕಾರ ಮಾಡ್ರಿ,” ಎಂದರು ಡಾಕ್ಟರು.

ನನಗೆ ಸ್ವಲ್ಪ ಸಿಟ್ಟೇ ಬಂತು. ಯಾದಗಿರಿಯ ಆ ದವಾಖಾನೆಯಲ್ಲಿ ಬೆಳಿಗ್ಗೆಯಿಂದ ಕಾದು ಮಧ್ಯಾಹ್ನದ ಹೊತ್ತಿಗೆ ಒಳಗೆ ಹೋಗಿದ್ದೆವು. ಬಾಗಿಲಲ್ಲೇ “ಶರಣ್ರಿ” ಎಂದು ತಲೆ ಬಾಗಿಸಿ ಬಂದಿದ್ದೆ. ಅವರು ಮೇಜಿನ ಮೇಲಿನ ಕಾಗದ ನೋಡುತ್ತಿದ್ದುದರಿಂದ ಕೇಳಿಸಲಿಲ್ಲವೇನೋ, ದೊಡ್ಡ ಡಾಕ್ಟರಿಗೆ ಮರ್ಯಾದೆ ಕಡಿಮೆಯಾಯಿತೇನೋ ಎಂದುಕೊಂಡು ಮತ್ತೊಮ್ಮೆ, ಈ ಸಲ ಜೋರಾಗಿ, “ಶರಣ್ರೀ ಸರ್” ಎಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರೂ ಗಾಬರಿಯಿಂದ ಎದ್ದು ನಿಂತು ಕೈಮುಗಿದರು.

ಡಾಕ್ಟರು ನಕ್ಕುಬಿಟ್ಟರು. “ನನಗಲ್ಲಮ್ಮ. ನಿಮ್ಮ ಎರಡೂ ಅಂಗೈ ಕೂಡ್ತಾವೇನು ನೋಡಬೇಕಾಗ್ಯಾದ. ಕೈ ಜೋಡಸ್ರಿ.”

ಜೋಡಿಸಿದೆ. ಬೆರಳ ತುದಿಗಳು ಕೂಡಿದವು. ಮಣಿಕಟ್ಟಿನ ಹತ್ತಿರ ಅಂಗೈಗಳ ಬುಡವೂ ಕೂಡಿತು. ನಡುವೆ ಒಂದು ಸಂದು ಉಳಿಯಿತು. ಒತ್ತಿ ನೋಡಿದೆ, ನೋವು ಮೊಣಕೈವರೆಗೆ ಏರಿತೇ ಹೊರತು ಸಂದು ಮುಚ್ಚಲಿಲ್ಲ. ನಾನು ಅಂಗಡಿಯವಳು, ದಿನವಿಡೀ ಬರುವವರಿಗೆ ಹೋಗುವವರಿಗೆ ಕೈಮುಗಿಯುವವಳು. ಈ ಸಂದು ಯಾವಾಗ ಬಿತ್ತು, ನನಗೇ ಯಾಕೆ ಕಾಣಲಿಲ್ಲ ಎಂದು ಅದರೊಳಗೇ ಇಣುಕಿ ನೋಡುತ್ತ ಕೂತೆ. ಡಾಕ್ಟರು ಏನೋ ಹೇಳುತ್ತಿದ್ದರು. ಮನೆಯವರ ಮುಖ ಬಿಳುಚಿಕೊಂಡಾಗಲೇ ನಾನು ಕೈ ಇಳಿಸಿದ್ದು.

ರೋಗಕ್ಕೆ ಅವರೊಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದರು. ಕೀಲುಗಳ ಊತದ ಕಾಯಿಲೆ, ಸಂಧಿವಾತದಲ್ಲೇ ಹಟಮಾರಿ ಜಾತಿಯದು. ಯಾಕೆ ಬಂತು ಎಂದು ಕೇಳಿದೆ. “ಮನಿ ಕಾಯೋ ಪಹರೇದಾರ ಇರ್ತಾನಲ್ಲ, ಅವ ಮನಿ ಮಂದೀನೇ ಕಳ್ಳರು ಅಂತ ತಿಳಕೊಂಡು ಹೊಡ್ಯಾಕತ್ತಾನ,” ಎಂದರು. ಅವನಿಗೆ ಹಾಗೆ ಯಾಕೆ ಅನಿಸಿತು ಎಂದು ಮತ್ತೆ ಕೇಳಿದೆ. “ಅದು ಗೊತ್ತಾದ್ರ ನನಗೂ ಹೇಳ್ರಿ,” ಎಂದರು. ಆ ಉತ್ತರ ನನಗೆ ಹಿಡಿಸಿತು. ಗೊತ್ತಿಲ್ಲ ಎನ್ನುವ ಡಾಕ್ಟರನ್ನು ನಾನು ಅದೇ ಮೊದಲ ಸಲ ನೋಡಿದ್ದೆ.

ಹೊರಗೆ ಬಂದು ಗುಳಿಗೆಗಾಗಿ ಕಾಯುವಾಗ ಬೆಂಚಿನ ಮೇಲಿದ್ದವರ ಕೈಗಳನ್ನೆಲ್ಲ ನೋಡತೊಡಗಿದೆ. ಗುರುಮಠಕಲ್ ಕಡೆಯ ಒಬ್ಬ ಮುದುಕ ಚಹದ ಲೋಟವನ್ನು ಎರಡೂ ಮಣಿಕಟ್ಟಿನ ನಡುವೆ ಹಿಡಿದು ಕುಡಿಯುತ್ತಿದ್ದ. ವಡಗೇರಾದಿಂದ ಬಂದ ಹುಡುಗಿಯೊಬ್ಬಳು, ನನ್ನ ಮಗಳ ವಯಸ್ಸಿನವಳು, ನೀರಿನ ಬಾಟಲಿಯ ಮುಚ್ಚಳವನ್ನು ಹಲ್ಲಿನಿಂದ ತಿರುಗಿಸಿದಳು. ನಾನು ನೋಡುವುದನ್ನು ನೋಡಿ ನಕ್ಕು, “ಹಲ್ಲಿಗಿನ್ನಾ ಬಂದಿಲ್ರಿ ಆಂಟಿ,” ಎಂದಳು. ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ನನಗೆ ಆಗ ಬಂತು.

ನಮ್ಮದು ಶಹಾಪುರದ ಬಜಾರಿನಲ್ಲಿ ಅರಿವೆ ಅಂಗಡಿ. ಸೀರೆ, ಜಂಪರ್ ಪೀಸು, ಲಂಗದ ಬಟ್ಟೆ. ಬಟ್ಟೆಯನ್ನು ಅಳೆದು, ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಲ್ಲಿ ಹಿಡಿದು ಎಳೆದರೆ ಚರ್ರನೆ ನೂಲಿನ ಗುಂಟ ಹರಿಯುತ್ತದೆ. ಪೂರ್ತಿ ಕತ್ತರಿಯಲ್ಲೇ ಕತ್ತರಿಸಿದರೆ ನಮ್ಮ ಹೆಣ್ಣುಮಕ್ಕಳಿಗೆ ನಂಬಿಕೆ ಬರುವುದಿಲ್ಲ, ಸೊಟ್ಟ ಹೋಗುತ್ತದೆ ಎನ್ನುತ್ತಾರೆ. ಆ ಸದ್ದು ಕೇಳಿದರೇ ಅವರಿಗೆ ಸಮಾಧಾನ. ಒಂದು ದಿನ ಬಟ್ಟೆ ನನ್ನ ಕೈಗೆ ಹರಿಯದಾಯಿತು. ಮಾಲು ಕೆಟ್ಟಿದೆ, ನೂಲಿಗೆ ಏನೋ ಬೆರೆಸಿದ್ದಾರೆ ಎಂದು ಬಹಳ ದಿನ ಬಟ್ಟೆಯನ್ನೇ ಬೈದೆ. ಆಮೇಲೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಅದ್ದಿಟ್ಟುಕೊಂಡು ಕೂತರೆ ಹೊತ್ತೇರಿದ ಮೇಲೆ ಒಂದೊಂದಾಗಿ ಮಾತು ಕೇಳುತ್ತಿದ್ದವು. ಜೋಳದ ರೊಟ್ಟಿ ಬಡಿಯುವುದು ನಿಂತಿತು. ಓಣಿಯವರು, “ಯಾಕ ನೀಲಮ್ಮ, ನಿಮ್ಮನ್ಯಾಗ ರೊಟ್ಟಿ ಸಪ್ಪಳಾನೇ ಇಲ್ಲ?” ಎಂದು ಕೇಳಿದ ದಿನವೇ ನಮ್ಮತ್ತೆ ಗುರಮ್ಮನವರು ಹಿಟ್ಟು ನಾದುವ ಕೊಣಮಿಗೆಯ ಮುಂದೆ ತಾವೇ ಕೂತರು. ಆ ವಯಸ್ಸಿನಲ್ಲಿ ಅವರ ರೊಟ್ಟಿ ನನ್ನದಕ್ಕಿಂತ ತೆಳ್ಳಗೆ ಬರುವುದು ಬೇರೆ ಮಾತು, ಅದನ್ನು ಅವರು ನನಗೆ ದಿನಾಲೂ ನೆನಪು ಮಾಡುತ್ತಿದ್ದರು.

ಗುಳಿಗೆಯದೊಂದು ದೊಡ್ಡ ಪ್ರಹಸನವೇ ನಡೆಯಿತು. ಡಾಕ್ಟರು ಕೊಟ್ಟ ಮುಖ್ಯ ಗುಳಿಗೆ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವುದು. ಯಾವ ವಾರವಾದರೂ ಸರಿ, ಆದರೆ ಪ್ರತಿಸಲ ಅದೇ ವಾರ ಇರಬೇಕು ಎಂದಿದ್ದರು. ಮನೆಗೆ ಬಂದು ಹೇಳಿದೆ. ಅತ್ತೆ ಒಂದು ಕ್ಷಣವೂ ಯೋಚಿಸಲಿಲ್ಲ.

“ಸೋಮಾರ ತಗೋ. ಈಶ್ವರನ ವಾರ. ತಲಿ ಮ್ಯಾಲ ಚಂದ್ರನ್ನ ಇಟ್ಕೊಂಡು ಕುಂತಾನ, ನಿನ್ನ ಬ್ಯಾನಿ ತಣ್ಣಗ ಮಾಡ್ತಾನ.”

ಎಲ್ಲರಿಗೂ ಒಪ್ಪಿಗೆಯಾಯಿತು. ಮರೆಯುವ ಹೆದರಿಕೆಯೂ ಇಲ್ಲ. ಸ್ನಾನ, ಪೂಜೆ, ಗುಳಿಗೆ. ಸಂಜೆಗೆ ವಾಂತಿ ಶುರುವಾಯಿತು. ಮಂಗಳವಾರವಿಡೀ ಗೋಡೆ ಹಿಡಿದುಕೊಂಡು ಓಡಾಡಿದೆ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಗುಳಿಗೆ ಬಹಳ ಉಷ್ಣ, ನಮ್ಮ ಮೈಗೆ ಆಗಿಬರುವುದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಗಿ ಗುಳಿಗೆ ಬಂದಾಯಿತು. ಅಂಗಡಿಗೆ ಬಂದವರೆಲ್ಲ ಹಾಡು ಶುರು ಮಾಡಿದರು: ಬದನೆಕಾಯಿ ಬಿಡು, ಬಟಾಟಿ ಬಿಡು, ಬೆಳ್ಳುಳ್ಳಿ ಎಣ್ಣೆ ಹಚ್ಚು. ಗೋಗಿಯಿಂದ ಬರುವ ಗಿರಾಕಿಯೊಬ್ಬರು ಬಿಸಿ ಉಸುಕಿನ ಗಂಟು ಕಟ್ಟಿ ತಂದುಕೊಟ್ಟರು. ಬಿಸಿ ಹಿತವಾಗಿತ್ತು, ಅಷ್ಟೇ. ಮತ್ತೆ ಯಾದಗಿರಿಗೆ ಹೋಗುವ ಹೊತ್ತಿಗೆ ಬೆರಳ ಗೆಣ್ಣುಗಳು ಹಣ್ಣಾದ ಬೋರೆಕಾಯಿಯಂತೆ ಊದಿದ್ದವು.

ಡಾಕ್ಟರು ಎಲ್ಲ ಕೇಳಿಸಿಕೊಂಡು, “ಸೋಮವಾರ ಮಧ್ಯಾಹ್ನ ಏನ್ ಊಟ ಮಾಡ್ತೀರಿ?” ಎಂದರು.

“ಸೋಮಾರ ಊಟಾ ಹ್ಯಾಂಗ ಮಾಡ್ತಾರ್ರಿ ಸರ್? ಉಪಾಸ ಅಲ್ಲೇನ್ರಿ!” ಎಂದೆ.

ಅವರು ಪೆನ್ನು ಕೆಳಗಿಟ್ಟರು. ಹೊಟ್ಟೆ ತುಂಬಾ ಉಂಡು ತೆಗೆದುಕೊಳ್ಳಬೇಕಾದ ಗುಳಿಗೆಯನ್ನು ನಾನು ವಾರದಲ್ಲಿ ಒಂದೇ ಒಂದು ಉಪವಾಸದ ದಿನ ಹುಡುಕಿ ತೆಗೆದುಕೊಂಡಿದ್ದೆ. ಮನೆಯಲ್ಲಿ ಇಷ್ಟು ಜನರಿದ್ದೆವು, ಒಬ್ಬರಿಗೂ ಹೊಳೆದಿರಲಿಲ್ಲ. ಗುಳಿಗೆ ಗುರುವಾರಕ್ಕೆ ಹೋಯಿತು. ಅತ್ತೆ, “ಆಗ್ಲಿ, ಗುರುವೂ ನಮ್ಮಾವನೇ,” ಎಂದು ಗುರುವಾರಕ್ಕೆಂದೇ ಎರಡು ರೊಟ್ಟಿ ಹೆಚ್ಚು ಬಡಿಯತೊಡಗಿದರು. ವಾಂತಿ ನಿಂತಿತು. ತಿಂಗಳುಗಳು ಕಳೆದಂತೆ ಊತವೂ ಇಳಿಯಿತು. ಬೆರಳುಗಳು ಮಾತ್ರ ಅಷ್ಟರಲ್ಲಿ ಬಾಗಿದ್ದವು, ಹಾಗೆಯೇ ಉಳಿದವು.

ನೋವಿಗಿಂತ ಹೆಚ್ಚು ಕಾಡಿದ್ದು ಬೇರೆಯದು. ನನ್ನ ತವರು ಸುರಪುರ. ಅಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಹೋಗಿದ್ದೆವು. ಅಕ್ಷತೆ ಮುಗಿದು ಊಟಕ್ಕೆ ಏಳುವ ಹೊತ್ತು. ದೊಡ್ಡವ್ವ ಒಬ್ಬರು ಎದುರಿಗೆ ಬಂದು, “ಯವ್ವಾ ನೀಲಾ, ಎಷ್ಟ್ ದಿನಾ ಆತು ನಿನ್ನ ಮಾರಿ ನೋಡಿ,” ಎಂದು ಪ್ರೀತಿಯಿಂದ ನನ್ನ ಎರಡೂ ಕೈ ಹಿಡಿದು ಅದುಮಿಬಿಟ್ಟರು. ನಾನು ಚೀರಿದೆ. ಚಿಕ್ಕ ಚೀರಲ್ಲ, ಮಂಟಪಕ್ಕೆ ಕೇಳುವಷ್ಟು. ಎಲ್ಲರೂ ತಿರುಗಿದರು. ದೊಡ್ಡವ್ವ ನನ್ನ ಕೈಗಳನ್ನು ನೋಡುತ್ತ ನಿಂತುಬಿಟ್ಟರು. ಅವರ ಕಣ್ಣಲ್ಲಿದ್ದುದು ಹೆದರಿಕೆಯೋ ಕನಿಕರವೋ ನನಗೆ ಇಂದಿಗೂ ಗೊತ್ತಿಲ್ಲ.

ಬಸ್ಸಿನಲ್ಲಿ ತಿರುಗಿ ಬರುವಾಗ ಅತ್ತೆ ಮೆಲ್ಲಗೆ ಅಂದರು: “ಕೈ ಸೆರಗಿನ ಒಳಗ ಇಟ್ಕೋ. ಜನಾ ನೋಡ್ತಾರ. ನಾಳಿ ಹುಡುಗಿ ಲಗ್ನ ಮಾಡಬೇಕು, ತಾಯಿಗಿ ಹಿಂಗದ ಅಂದ್ರ ಮಗಳಿಗೂ ಬರತದ ಅಂತಾರ.”

ಮಗಳು ಕಲಬುರಗಿಯಲ್ಲಿ ಓದುತ್ತಿದ್ದಳು. ಅತ್ತೆಯ ಮಾತಿನಲ್ಲಿ ಕೆಡುಕಿರಲಿಲ್ಲ, ಹೆದರಿಕೆಯಿತ್ತು. ಕೈ ಸೆರಗಿನೊಳಗೆ ಹೋಯಿತು. ಅಂಗಡಿಯಲ್ಲಿ ಗಿರಾಕಿಗಳಿಗೆ ಕೈಮುಗಿಯುವುದು ಬಿಟ್ಟೆ, ಬರೀ ತಲೆ ಅಲ್ಲಾಡಿಸಿದೆ. ಸ್ವಲ್ಪ ದಿನಕ್ಕೆ ನೀಲಮ್ಮನಿಗೆ ಸೊಕ್ಕು ಬಂದಿದೆ, ಈಗ ಶರಣು ಅಂತ ಕೈ ಎತ್ತುವುದಿಲ್ಲ ಎಂಬ ಮಾತು ಬಜಾರಿನಲ್ಲಿ ಓಡಾಡಿ ನಮ್ಮ ಅಂಗಡಿಗೇ ಬಂತು. ಕೇಳಿ ನಗು ಬರಬೇಕಿತ್ತು. ಬರಲಿಲ್ಲ. ಮುಗಿದ ಕೈ ಕಂಡರೆ ರೋಗಿ ಎನ್ನುತ್ತಾರೆ, ಮುಚ್ಚಿಟ್ಟರೆ ಸೊಕ್ಕಿನವಳು ಎನ್ನುತ್ತಾರೆ. ಎರಡರಲ್ಲಿ ಸೊಕ್ಕನ್ನೇ ಆರಿಸಿಕೊಂಡು ಬಹಳ ಕಾಲ ಬದುಕಿದೆ.

ಮನೆಯೊಳಗೆ ಮಾತ್ರ ಮುಚ್ಚಿಡಲಾಗದ ಒಂದು ಹೊತ್ತಿತ್ತು. ಬೆಳಗಿನ ಪೂಜೆಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂಡಬೇಕು. ನನಗೆ ಎಡಗೈಯೇ ಹೆಚ್ಚು ಕೆಟ್ಟದ್ದು. ಅಂಗೈ ಪೂರ್ತಿ ಬಿಚ್ಚಿಕೊಳ್ಳುತ್ತಿರಲಿಲ್ಲ, ಮಣಿಕಟ್ಟು ನಡುಗುತ್ತಿತ್ತು. ಲಿಂಗ ಕೈಜಾರಿದರೆ ಎಂಬ ಹೆದರಿಕೆಗೆ ಕೈ ಇನ್ನಷ್ಟು ನಡುಗುವುದು. ಒಂದು ದಿನ ಕಣ್ಣು ಮುಚ್ಚಿ ಕೂತಿದ್ದಾಗ ಕೈ ಹಠಾತ್ತನೆ ಹಗುರಾಯಿತು. ಕಣ್ಣು ಬಿಟ್ಟು ನೋಡಿದರೆ ಅತ್ತೆ ತಮ್ಮ ಅಂಗೈಯನ್ನು ನನ್ನ ಅಂಗೈಯ ಕೆಳಗೆ ಕೊಟ್ಟು ಕೂತಿದ್ದರು. ಅವರು ನನ್ನ ಕಡೆ ನೋಡಲಿಲ್ಲ. “ನಿನ್ನ ಪೂಜಾ ನೀ ಮಾಡು,” ಎಂದರಷ್ಟೇ. ಅಂದಿನಿಂದ ದಿನಾಲೂ ಹಾಗೆಯೇ ಕೂಡುತ್ತಿದ್ದೆವು. ಹೊರಗೆ ಕೈ ಮುಚ್ಚಿಕೋ ಎನ್ನುವವರೂ ಅವರೇ, ಒಳಗೆ ಕೈ ಕೊಡುವವರೂ ಅವರೇ.

ರೇಣುಕಾ ಟೀಚರು ನಮ್ಮ ಗಿರಾಕಿ. ಶಾಲೆಯಲ್ಲಿ ಆಟೋಟ, ಯೋಗ ಕಲಿಸಿ ನಿವೃತ್ತರಾದವರು. ಭೀಮೆಯ ದಂಡೆಯಲ್ಲಿ ಮೀನು ಹಿಡಿಯುವ ಮನೆತನ ಅವರದು. ಜಂಪರ್ ಪೀಸಿಗೆ ಬಂದಾಗ ನಮ್ಮ ಮನೆಯವರು ಬಟ್ಟೆ ಹರಿದರು. ಅವರ ಕೈಯಲ್ಲಿ ಬಟ್ಟೆ ಯಾವಾಗಲೂ ಸೊಟ್ಟವೇ. ಟೀಚರು ಬಟ್ಟೆ ಬಿಟ್ಟು ನನ್ನ ಸೆರಗನ್ನೇ ನೋಡಿ, “ಕೈಗೇನಾಗ್ಯಾದ?” ಎಂದರು. ಸುತ್ತಿ ಬಳಸಿ ಕೇಳುವ ಅಭ್ಯಾಸ ಅವರಿಗಿಲ್ಲ. ಹೇಳಿದೆ. ತಮ್ಮ ಮನೆಯ ಮಾಳಿಗೆಯ ಮೇಲೆ ಸಂಜೆ ಹೆಂಗಸರಿಗೆ ಚಂದ್ರನ ಯೋಗ ಮಾಡಿಸುತ್ತೇನೆ, ಬನ್ನಿ ಎಂದರು.

“ಸೂರ್ಯ ನಮಸ್ಕಾರ ಕೇಳೇನಿ. ಇದು ಯಾವ್ದ್ರಿ?”

“ಸೂರ್ಯ ದಿನಾ ಒಂದೇ ನಮೂನಿ ಇರ್ತಾನ. ಚಂದ್ರ ಹಂಗಿಲ್ಲ, ಒಮ್ಮೆ ಸಣ್ಣಾಗ್ತಾನ, ಒಮ್ಮೆ ದೊಡ್ಡಾಗ್ತಾನ. ನಿಮ್ಮ ಬ್ಯಾನಿ ದಿನಾ ಒಂದೇ ನಮೂನಿ ಅದ ಏನು?”

ಇಲ್ಲ ಎಂದೆ. “ಮತ್ತ?” ಎಂದು ಬಟ್ಟೆ ತೆಗೆದುಕೊಂಡು ಹೋದರು.

ಅವರ ಪದ್ಧತಿ ಇಷ್ಟು. ಅಮಾವಾಸ್ಯೆಯ ದಿನ ಸುಮ್ಮನೆ ಮಲಗಿ ಉಸಿರಾಡುವುದು. ಮರುದಿನದಿಂದ ಒಂದೊಂದೇ ಚಲನೆ ಸೇರಿಸುತ್ತ ಹೋಗುವುದು: ಕೈ ಎತ್ತಿ ಮಗ್ಗುಲಿಗೆ ಬಾಗುವುದು, ಕಾಲು ಅಗಲಿಸಿ ಅರ್ಧ ಕೂಡುವುದು, ಒಂದು ಕಾಲು ಮುಂದಿಟ್ಟು ಮೆಲ್ಲಗೆ ಇಳಿಯುವುದು. ಹುಣ್ಣಿಮೆಗೆ ಪೂರ್ತಿ ಸುತ್ತು. ಆಮೇಲೆ ಮತ್ತೆ ಒಂದೊಂದೇ ಬಿಡುತ್ತ ಬರುವುದು. ಎಲ್ಲಿಯೂ ಜಗ್ಗುವಂತಿಲ್ಲ, ಗಡಿಬಿಡಿಯಿಲ್ಲ. ಅವರ ಅಪ್ಪ ಹುಣ್ಣಿಮೆಯ ಸುತ್ತಮುತ್ತ ಹೊಳೆಗೆ ಬಲೆ ಹಾಕುತ್ತಿರಲಿಲ್ಲವಂತೆ, ಬೆಳದಿಂಗಳಲ್ಲಿ ಮೀನು ಬಲೆಯನ್ನು ಕಂಡು ದೂರ ಹೋಗುತ್ತವೆ ಎನ್ನುತ್ತಿದ್ದನಂತೆ. ಹಾಗಾದರೆ ಹುಣ್ಣಿಮೆಗೇ ವಿಶ್ರಾಂತಿ ಇರಬೇಕಲ್ಲ, ನೀವು ಉಲ್ಟಾ ಮಾಡಿಸುತ್ತೀರಿ ಎಂದು ನಾನು ತಕರಾರು ತೆಗೆದೆ.

“ಅಪ್ಪ ಮನ್ಯಾಗ ಇರ್ತಿದ್ದ ಅಂತಲೇ ಹುಣ್ಣಿಮಿಗೆ ಎಲ್ಲಾರೂ ಅಂಗಳದಾಗ ಕೂಡಿ ಆಡ್ತಿದ್ದೆವು,” ಎಂದರು ಟೀಚರು. “ನನಗ ಹುಣ್ಣಿಮಿ ಅಂದ್ರ ಮಂದಿ ಕೂಡೋ ದಿನಾ. ಸಾಕೇನು ವಕೀಲರ?”

ಶುರು ಮಾಡುವುದು ಅಮಾವಾಸ್ಯೆಗೆ ಎಂದಾಗ ಅತ್ತೆ ಕೆರಳಿದರು. “ಅಮಾಸಿ ದಿನ ಯಾರಾರ ಹೊಸಾದು ಸುರು ಮಾಡ್ತಾರೇನು? ಟೀಚರಿಗಿ ಪಂಚಾಂಗ ಗೊತ್ತಿಲ್ಲೇನು?” ನಾನು, “ಅತ್ತೀ, ಅವತ್ತು ಏನೂ ಮಾಡೂದಿಲ್ಲ, ಬರೇ ಮಲಗೂದು,” ಎಂದೆ. ಅವರು ಯೋಚಿಸಿ, “ಮಲಗಾಕ ಟೀಚರ್ ಯಾಕ ಬೇಕು?” ಎಂದರು.

ನಾನು ಶುರು ಮಾಡುವ ಮೊದಲೇ ಕೊರೊನಾ ಬಂತು. ಮಾಳಿಗೆ ಖಾಲಿಯಾಗಿ ಯೋಗ ಫೋನಿಗೆ ಹೋಯಿತು. ನಿಜ ಹೇಳಬೇಕೆಂದರೆ ಊರಿಗೆಲ್ಲ ಸಂಕಟವಾದದ್ದು ನನಗೆ ಅನುಕೂಲವಾಯಿತು. ಒಳಗಿನ ಕೋಣೆಯಲ್ಲಿ ಪರಸಿ ಕಲ್ಲಿನ ನೆಲದ ಮೇಲೆ ಕೌದಿ ಹಾಸಿಕೊಂಡು, ಫೋನನ್ನು ಜೋಳದ ಡಬ್ಬಿಗೆ ಆನಿಸಿ, ನನ್ನ ಕಡೆಯ ಕ್ಯಾಮೆರಾ ಬಂದು ಮಾಡಿ ಕಲಿತೆ. ನಾನು ಅವರನ್ನು ನೋಡುತ್ತಿದ್ದೆ, ಅವರಿಗೆ ನಾನು ಕಾಣುತ್ತಿರಲಿಲ್ಲ.

ಚಂದ್ರನಿಗೂ ನನ್ನ ಗೆಣ್ಣುಗಳಿಗೂ ಏನಾದರೂ ನಂಟಿದೆಯೇ ಎಂದು ಬಹಳ ಆಸಕ್ತಿಯಿಂದ ಕಾದು ನೋಡಿದ್ದೇನೆ. ಹುಣ್ಣಿಮೆಗೆ ನೋವು ಏರಿದ್ದೂ ಇದೆ, ಅಮಾವಾಸ್ಯೆಗೆ ಏರಿದ್ದೂ ಇದೆ, ಎರಡಕ್ಕೂ ಸಂಬಂಧವಿಲ್ಲದೆ ನಡುವಿನ ಯಾವುದೋ ಬುಧವಾರ ಕೈ ಎತ್ತಲಾಗದಂತೆ ಮಾಡಿದ್ದೂ ಇದೆ. ನಂಟು ಸಿಗಲಿಲ್ಲ. ಊತ ಇಳಿಸಿದ್ದು ಗುಳಿಗೆಯೇ. ಓದುವವರಲ್ಲಿ ಯಾರಿಗಾದರೂ ಬೆಳಗಿನ ಹೊತ್ತು ಬೆರಳು ಮಡಚಲು ಬಾರದಿದ್ದರೆ ಯೋಗ ನಂಬಿಕೊಂಡು ಗುಳಿಗೆ ಬಿಡಬೇಡಿ, ಉಪವಾಸದ ದಿನವಂತೂ ತೆಗೆದುಕೊಳ್ಳಬೇಡಿ. ಆದರೆ ನನಗೆ ಇನ್ನೊಂದು ಸಿಕ್ಕಿತು. ನಿನ್ನೆ ಮಾಡಿದ್ದು ಇಂದು ಆಗಲಿಲ್ಲವೆಂದರೆ ಮೊದಲೆಲ್ಲ ದಿನವಿಡೀ ಅಳುತ್ತಿದ್ದೆ. ಈಗ ಇಳಿಯುವ ಪಕ್ಷ ಎಂದುಕೊಂಡು ಒಂದು ಚಲನೆ ಕಡಿಮೆ ಮಾಡುತ್ತೇನೆ. ಪಂಚಾಂಗ ಏನೇ ಹೇಳಲಿ, ನನ್ನ ಮೈಗೆ ಅದರದೇ ಶುಕ್ಲಪಕ್ಷ, ಕೃಷ್ಣಪಕ್ಷ ಇವೆ.

ಕೊರೊನಾ ಹೋಯಿತು. ಹೆಂಗಸರೆಲ್ಲ ಮಾಳಿಗೆಗೆ ಮರಳಿದರು. ನಾನು ಮರಳಲಿಲ್ಲ. ಮಂಡಿ ಹಿಡಿದಿದೆ, ಅಂಗಡಿಯಲ್ಲಿ ಗದ್ದಲ, ಮನೆಗೆ ನೆಂಟರು ಬಂದಿದ್ದಾರೆ, ದಿನಕ್ಕೊಂದು ಕಾರಣ. ಟೀಚರು ಹೆಚ್ಚು ಕೇಳದೆ ನನಗೊಬ್ಬಳಿಗಾಗಿ ಫೋನನ್ನು ನೀರಿನ ಕೊಡಕ್ಕೆ ಆನಿಸಿ ಇಡುತ್ತಿದ್ದರು. ಕೊಡ ನೆಲದ ಮೇಲಿದ್ದುದರಿಂದ ನನಗೆ ಕಾಣುತ್ತಿದ್ದುದು ಬರೀ ಕಾಲುಗಳು, ಹಿಂದೆ ಒಂದಿಷ್ಟು ಆಕಾಶ, ಮೂಲೆಯಲ್ಲಿ ಮಲಗಿದ ಬುದ್ಧನಂತೆ ಕಾಣುವ ನಮ್ಮೂರ ಗುಡ್ಡ. ಹೆಸರು ಗೊತ್ತಿಲ್ಲದ ಆ ಹೆಂಗಸರನ್ನು ಕಾಲುಗಳಿಂದಲೇ ಗುರುತು ಹಿಡಿದೆ. ಒಂದು ಕಾಲುಂಗುರ ಕಳೆದುಕೊಂಡವರು. ಹಿಮ್ಮಡಿ ಒಡೆದವರು. ಮಗ್ಗುಲಿಗೆ ಬಾಗು ಎಂದರೆ ಬೆರಳುಗಳನ್ನೆಲ್ಲ ಮುದುಡಿಕೊಳ್ಳುವವರು. ಯಾರ ಕಾಲಿಗೆ ಯಾವ ಮುಖ ಇದ್ದೀತು ಎಂದು ರೊಟ್ಟಿ ಉಣ್ಣುವಾಗಲೂ ಯೋಚಿಸುತ್ತಿದ್ದೆ.

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಅವರ ನಗು. ಕೊನೆಗೆ ಎಲ್ಲರೂ ಶವಾಸನದಲ್ಲಿ ಮಲಗುತ್ತಿದ್ದರು. ಟೀಚರು ಮೆಲ್ಲಗೆ ಏಳಿ ಎನ್ನುತ್ತಿದ್ದಂತೆ ಕಾಲುಗಳು ಎದ್ದು, ಚೌಕಟ್ಟಿನ ಹೊರಗೆ ಎಲ್ಲೋ ಹೋಗಿ, ಬಿದ್ದು ಬಿದ್ದು ನಗುವ ಸದ್ದು ಕೇಳುತ್ತಿತ್ತು. ದಿನಾಲೂ. ಏನಾಯಿತ್ರಿ ಎಂದು ಫೋನಿನಲ್ಲಿ ಕೂಗಿದರೆ ಯಾರಿಗೂ ಕೇಳುತ್ತಿರಲಿಲ್ಲ. ಮರುದಿನ ಟೀಚರನ್ನು ಕೇಳಿದೆ.

“ಹೇಳಿದ್ರ ನಗು ಬರಂಗಿಲ್ಲ,” ಎಂದರು. “ಬಂದು ನೋಡ್ರಿ.”

ಹೋಗಲೇಬೇಕು ಎಂದು ಒಂದು ಮನಸ್ಸು, ಕೈ ಎಲ್ಲಿ ಮುಚ್ಚಿಟ್ಟುಕೊಳ್ಳಲಿ ಎಂದು ಇನ್ನೊಂದು. ಯೋಗದಲ್ಲಿ ಸೆರಗು ಹೊದ್ದು ಕೂಡಲಾಗುವುದಿಲ್ಲ. ಕೊನೆಗೆ ಕೈ ಜೋಡಿಸಿ ಮೇಲೆತ್ತಲೇಬೇಕು, ಹೆಸರಿನಲ್ಲೇ ನಮಸ್ಕಾರವಿದೆ. ಯಾರಾದರೂ ಪ್ರೀತಿಯಿಂದ ಕೈ ಹಿಡಿದುಬಿಟ್ಟರೆ ಮತ್ತೆ ಸುರಪುರದ ಮಂಟಪವೇ. ಇಷ್ಟೆಲ್ಲ ಲೆಕ್ಕ ಹಾಕುತ್ತ ಎರಡು ಹುಣ್ಣಿಮೆ ದಾಟಿಸಿದೆ. ಮೂರನೆಯದಕ್ಕೆ ತಡೆಯಲಾಗಲಿಲ್ಲ. “ಅತ್ತೀ, ಇವತ್ತ ಮಾಳಿಗಿಗಿ ಹೋಗ್ತೀನಿ,” ಎಂದೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಪಾವಟಿಗಿ ಹತ್ತಾಕ ಆಗ್ತದೇನು?”

“ನೋಡ್ತೀನಿ.”

“ಬಿದ್ರ?” ಎನ್ನುತ್ತ ಅವರೂ ಚಪ್ಪಲಿ ಮೆಟ್ಟಿದರು. “ಕೈ ಮಾತ್ರ ಸಂಭಾಳಿಸು. ಹತ್ತು ಮನಿ ಮಂದಿ ಇರ್ತಾರ.”

ಮೆಟ್ಟಿಲು ಹತ್ತಿಸುವಾಗ ಅತ್ತೆ ನನ್ನ ಕೈ ಹಿಡಿಯಲಿಲ್ಲ, ಮೊಣಕೈಯ ಮೇಲೆ ಹಿಡಿದರು. ನೋಯದ ಜಾಗ ಯಾವುದೆಂದು ಅವರಿಗೆ ಗೊತ್ತಿತ್ತು. ಮೇಲೆ ಬಂದಾಗ ಬಿಸಿಲಿನ ಕಾವು ಇನ್ನೂ ನೆಲದಲ್ಲಿತ್ತು. ಕೌದಿಗಳು ಸಾಲಾಗಿ ಹಾಸಿದ್ದವು. ನಾನು ಮುಖಗಳನ್ನು ಬಿಟ್ಟು ಕಾಲುಗಳನ್ನು ನೋಡಿದೆ. ಒಂದೇ ಕಾಲುಂಗುರ, ಒಡೆದ ಹಿಮ್ಮಡಿ, ಎಲ್ಲರೂ ಅಲ್ಲಿದ್ದರು! ಖುಷಿ ತಡೆಯಲಾರದೆ, “ನೀವು ಬೆರಳು ಮುದುಡೋರಲ್ಲೇನ್ರಿ?” ಎಂದು ಒಬ್ಬರನ್ನು ಕೇಳಿಯೇಬಿಟ್ಟೆ. ಅವರು ಕಕ್ಕಾಬಿಕ್ಕಿಯಾಗಿ ತಮ್ಮ ಕಾಲು ನೋಡಿಕೊಂಡರು. ಮುಂದಿನ ಸಾಲಿನ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು, ಅದರ ಮೇಲೊಂದು ಮಡಿಸಿದ ಕೌದಿ. ಇದು ಯಾರದೆಂದು ಕೇಳಿದೆ. ಕುರ್ಚಿಯ ಹಿಂದಿನ ಕೌದಿಯ ಮೇಲೆ ಕೂತಿದ್ದ ಮುದುಕಿ, ಕಾಶಮ್ಮ, ಅಂದರು: “ನಿಂದೇ. ಟೀಚರ್ ದಿನಾ ಹಾಕ್ತಾಳ, ದಿನಾ ತಗೀತಾಳ. ನಾವೆಲ್ಲ ಯಾವ ಮಹಾರಾಣಿ ಬರ್ತಾಳ ಅಂತ ಕಾಯಾಕತ್ತಿದ್ದೆವು.”

ನಾನು ಕುರ್ಚಿಯ ಮೇಲಿನ ಕೌದಿ ಸರಿಮಾಡಿಕೊಂಡು ಕೂತೆ. ಎಷ್ಟೋ ದಿನದಿಂದ ಆ ಕುರ್ಚಿ ಅಲ್ಲಿ ಕಾಯುತ್ತಿತ್ತು. ಫೋನಿನ ಚೌಕಟ್ಟಿನಲ್ಲಿ ಅದೂ ಬಂದಿರಲಿಲ್ಲ.

ಹುಣ್ಣಿಮೆಯಾದ್ದರಿಂದ ಪೂರ್ತಿ ಸುತ್ತು. ನನಗೆ ಆದದ್ದನ್ನು ನಿಂತು ಮಾಡಿದೆ, ಆಗದ್ದನ್ನು ಕುರ್ಚಿಯಲ್ಲಿ ಕೂತು ಮಾಡಿದೆ. ಒಬ್ಬಳೇ ಕೋಣೆಯಲ್ಲಿ ಮಾಡುವಾಗ ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಇಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟಾಗ ಅಂಗಡಿಯಲ್ಲಿ ಸೀರೆ ಬಿಚ್ಚಿ ಹರವಿದಂತೆ ಸದ್ದಾಗುತ್ತಿತ್ತು. ನನ್ನ ಉಸಿರು ಯಾವುದೆಂದು ಗೊತ್ತಾಗಲಿಲ್ಲ, ಅದೇ ಬಹಳ ಹಿತವೆನಿಸಿತು. ಚಂದ್ರ ಎದುರಿನ ಮನೆಗಳನ್ನು ದಾಟಿ ಮೇಲೆ ಬಂದಿದ್ದ. ಎಲ್ಲರೂ ಶವಾಸನಕ್ಕೆ ಮಲಗಿದರು, ನಾನು ಕುರ್ಚಿಯಲ್ಲೇ ಒರಗಿದೆ. ಅತ್ತೆ ನೀರಿನ ಟಾಕಿಯ ಹತ್ತಿರ ಕೂತು ನನ್ನನ್ನು ಕಾಯುತ್ತಿದ್ದರು.

ಟೀಚರು ಏಳಿ ಎಂದರು. ಆಗ ನನಗೆ ನಗುವಿನ ಗುಟ್ಟು ಗೊತ್ತಾಯಿತು. ಎಲ್ಲರೂ ಎದ್ದರು, ಕಾಶಮ್ಮ ಏಳಲಿಲ್ಲ. ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ದೂರದಲ್ಲಿ ಗುಡ್ಡ ಮಲಗಿತ್ತು, ಇಲ್ಲಿ ಕಾಶಮ್ಮ, ಇಬ್ಬರ ಹೊಟ್ಟೆಯೂ ಒಂದೇ ಆಕಾರ. ಒಬ್ಬಾಕೆ ಗುಡ್ಡವನ್ನೂ ಕಾಶಮ್ಮನನ್ನೂ ಬೆರಳು ಮಾಡಿ ತೋರಿಸಿದಳು. ನಾನು ಎಷ್ಟು ನಕ್ಕೆನೆಂದರೆ ಪಕ್ಕೆ ಹಿಡಿದುಕೊಂಡಿತು. ಟೀಚರು ಹೇಳಿದ್ದು ಖರೆ, ಹೇಳಿದ್ದರೆ ನಗು ಬರುತ್ತಿರಲಿಲ್ಲ.

“ನಗೂದು ಸಾಕು. ಕಡೀ ನಮಸ್ಕಾರ,” ಎಂದರು ಟೀಚರು. “ಕುಂತೇ ಮಾಡ್ರಿ. ಕೈ ಜೋಡಿಸಿ ತಲಿ ಮ್ಯಾಲ.”

ನಗುವಿನಲ್ಲಿ ನನಗೆ ಮರೆತೇಹೋಗಿತ್ತು. ಎಲ್ಲರ ಕೈ ಮೇಲೇರಿದವು, ನನ್ನವೂ ಏರಿದವು. ಏರಿದ ಮೇಲೆ ನೆನಪಾಯಿತು. ಮುಂದಿನ ಸಾಲಿನಲ್ಲಿ, ಕುರ್ಚಿಯ ಮೇಲೆ, ಎಲ್ಲರಿಗಿಂತ ಎತ್ತರದಲ್ಲಿ, ಬೆಳದಿಂಗಳಲ್ಲಿ ನನ್ನ ಸೊಟ್ಟ ಕೈಗಳು. ಇಳಿಸಿಬಿಡೋಣ ಎನ್ನುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು.

“ಏ ನೀಲಾ! ಕೈ ಅಲ್ಲಾಡಸಬ್ಯಾಡ!”

ಕಾಶಮ್ಮ ಎಚ್ಚರಾಗಿದ್ದರು. ಮಲಗಿದಲ್ಲಿಂದಲೇ, ತಲೆಯ ಕೆಳಗಿನ ಕೌದಿಯ ಮೇಲಿಂದ, ನನ್ನ ಕೈಗಳನ್ನೇ ನೋಡುತ್ತಿದ್ದರು.

“ಅಯ್ಯ ಶಿವನ! ನಿನ್ನ ಕೈಯಾಗ ಚಂದ್ರ ಕುಂತಾನಲ್ಲವ್ವ!”

ಯಾರಿಗೂ ಅರ್ಥವಾಗಲಿಲ್ಲ. ಟೀಚರು ಬಂದು ಕಾಶಮ್ಮನ ಪಕ್ಕ ತಲೆ ತಗ್ಗಿಸಿ ನೋಡಿದರು. ಆಮೇಲೆ, “ಕಾಶಮ್ಮ, ಸರೀ ಅತ್ಲಾಗ,” ಎಂದು ತಾವೂ ಮಲಗಿಬಿಟ್ಟರು. ಕೂಡದ ನನ್ನ ಎರಡು ಅಂಗೈಗಳ ನಡುವಿನ ಸಂದಿನಲ್ಲಿ ಅವರಿಗೆಲ್ಲ ಚಂದ್ರ ಕಾಣುತ್ತಿದ್ದ. ಒಬ್ಬೊಬ್ಬರಾಗಿ ಬಂದು ಕಾಶಮ್ಮನ ಕೌದಿಯ ಮೇಲೆ ಮಲಗಿ ನೋಡತೊಡಗಿದರು. ಒಬ್ಬಾಕೆ ತನ್ನ ಕೈಯಲ್ಲೂ ಬರುತ್ತದೇನೋ ಎಂದು ಜೋಡಿಸಿ ಎತ್ತಿದಳು. ಅವಳ ಅಂಗೈಗಳು ಗಟ್ಟಿಯಾಗಿ ಕೂಡಿಕೊಂಡಿದ್ದವು. “ನಂದ್ರಾಗ ಬರವಲ್ದು,” ಎಂದು ಮುಖ ಸಪ್ಪಗೆ ಮಾಡಿದಳು. “ಜಲ್ದಿ ಏಳ, ನಾ ನೋಡಬೇಕು,” ಎಂದು ಹಿಂದೆ ನೂಕಾಟ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಏನು ಕಾಣುತ್ತದೆ, ಪೂರ್ತಿ ಚಂದ್ರನೋ ಅರ್ಧವೋ ಎಂದು ಕೇಳುತ್ತಲೇ ಇದ್ದೆ. ಒಬ್ಬಾಕೆ ಪೂರ್ತಿ ಎಂದಳು, ಇನ್ನೊಬ್ಬಾಕೆ ಹೆಬ್ಬೆರಳು ಅಡ್ಡ ಬಂದಿದೆ ಎಂದಳು.

ಎಲ್ಲರದಾದ ಮೇಲೆ ಟಾಕಿಯ ಕಡೆಯಿಂದ ಮೆಲ್ಲನೆ ಹೆಜ್ಜೆ ಕೇಳಿಸಿತು. ಆ ಹೆಜ್ಜೆ ನನಗೆ ಗೊತ್ತು. ಅತ್ತೆ ಕಾಶಮ್ಮನ ಭುಜ ಹಿಡಿದು ಕೌದಿಯ ಮೇಲೆ ಇಳಿದರು. ನನ್ನ ತೋಳುಗಳು ಸೋತಿದ್ದವು. ಈಗ ಕೈ ಮುಚ್ಚಿಕೋ ಎನ್ನುತ್ತಾರೆ, ಇಳಿಸಿಬಿಡುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಮೆಟ್ಟಿಲ ಹತ್ತಿರ ಪಕ್ಕದ ಮನೆಯ ಹೆಂಗಸರು ಗದ್ದಲ ಕೇಳಿ ಹತ್ತಿ ಬಂದು ನಿಂತರು.

“ಕೈ ಇನ್ನಾ ಸ್ವಲ್ಪ ಮ್ಯಾಲೆತ್ತು, ನೀಲಾ,” ಎಂದರು ಅತ್ತೆ. “ಚಂದ್ರ ಏರ್ಯಾನ. ಈಗ ಬಂದೋರಿಗಿ ಕಾಣಬೇಕಲ್ಲ.”

ಎತ್ತಿದೆ.